ಭಾವನ ಟ್ರಿಯರ್ ರಿಹರ್ಸಲ್

ನಮ್ಮ ಭಾವನವರಿಗೆ ಯುರೋಪಿನ ಹನ್ನೊಂದು ಊರುಗಳು ಅಂಗೈ ಮೇಲಿನ ನೆಲ್ಲಿಕಾಯಿ! ಲಿಸ್ಬನ್ನಿನ ಟ್ರಾಮು ಯಾವ ತಿರುವಿನಲ್ಲಿ ಕಿರುಗುಟ್ಟುತ್ತದೆ, ಎಡಿನ್‌ಬರೋ ಕೋಟೆಗೆ ಹೋಗುವ ಅಡ್ಡದಾರಿಯಲ್ಲಿ ಎಷ್ಟು ಮೆಟ್ಟಿಲು, ಪ್ರಾಗ್‌ನ ಹಳೇ ಸೇತುವೆಯ ಯಾವ ತುದಿಯಲ್ಲಿ ಶೌಚಾಲಯ, ಎಲ್ಲವನ್ನೂ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. ಈ ಹನ್ನೊಂದರಲ್ಲಿ ಒಂದು ಊರಿಗೂ ಅವರು ಹೋಗಿಲ್ಲ, ಅಷ್ಟೇ!

ಭಾವ ಎಂದರೆ ನನ್ನ ಅಕ್ಕನ ಗಂಡ. ಹೆಸರು ಬೇಡ. ಹೆಸರು ಹಾಕಿದೆನೆಂದರೆ ಈ ಪ್ರಬಂಧ ಹೇಗೋ ಅವರ ಕೈಗೆ ಸಿಕ್ಕಿ, ಅವರು ಇದಕ್ಕೆ ಪುಟಸಂಖ್ಯೆ ಹಾಕಿ, ಪರಿವಿಡಿ ಸೇರಿಸಿ, ಮೂರು ಪ್ರತಿ ಸ್ಪೈರಲ್ ಬೈಂಡಿಂಗ್ ಮಾಡಿಸಿ ನನಗೇ ಪೋಸ್ಟ್ ಮಾಡುತ್ತಾರೆ. ಅವರಿರುವುದು ಬರ್ಮಿಂಗ್‌ಹ್ಯಾಮ್ ಪಕ್ಕದ ಸೊಲಿಹಲ್‌ನಲ್ಲಿ, ನಾನಿರುವುದು ಲೀಡ್ಸ್‌ನಲ್ಲಿ. ನಡುವೆ ಎರಡೂವರೆ ಗಂಟೆಯ ದಾರಿ ಇರುವುದರಿಂದಲೇ ನಮ್ಮ ಸಂಬಂಧ ಇಷ್ಟು ಚೆನ್ನಾಗಿ ಉಳಿದಿದೆ ಎಂದು ನನ್ನ ನಂಬಿಕೆ.

ಕೆಲಸ ಕಾರು ಕಾರ್ಖಾನೆಯಲ್ಲಿ. ಕಾರು ಮಾಡುವ ಎಂಜಿನಿಯರ್ ಅಲ್ಲ, ಕಾರಿನ ಬಾಗಿಲನ್ನು ತೆಗೆದು ಮುಚ್ಚಿ, ತೆಗೆದು ಮುಚ್ಚಿ ನೋಡುವ ಎಂಜಿನಿಯರ್! ಹೊಸ ಮಾದರಿಯ ಬಾಗಿಲು ಬಂದರೆ ಅದಕ್ಕೊಂದು ಯಂತ್ರ ಕಟ್ಟಿ ಸಾವಿರಗಟ್ಟಲೆ ಸಲ ಧಡ್ ಧಡ್ ಎನಿಸುತ್ತಾರೆ. ಚಳಿಯಲ್ಲಿ ಧಡ್, ಬಿಸಿಯಲ್ಲಿ ಧಡ್, ಒದ್ದೆಯಲ್ಲಿ ಧಡ್. "ಜನ ಒಂದು ಬಾಗಿಲನ್ನ ಯೋಚನೆ ಮಾಡದೆ ಎಳೀಬೇಕು ಅಂದ್ರೆ, ಯಾರೋ ಒಬ್ಬ ಅದರ ಬಗ್ಗೆ ಮೊದಲೇ ತಲೆ ಕೆಡಿಸಿಕೊಂಡಿರಬೇಕು ಕಣಮ್ಮ," ಎನ್ನುವುದು ಅವರ ವೇದಾಂತ. ಆಫೀಸಿನಲ್ಲಿ ಕೆಡಿಸಿಕೊಂಡು ಮಿಕ್ಕ ತಲೆಯನ್ನು ಮನೆಗೆ ತಂದು ನಮ್ಮ ತಲೆ ಕೆಡಿಸುತ್ತಾರೆ.

ಇನ್ನು ಕೂತುಕೊಳ್ಳುವ ವಿಷಯ. ಭಾವ ಕೂತದ್ದನ್ನು ನಾನು ಸರಿಯಾಗಿ ನೋಡಿದ್ದು ಅವರ ಮದುವೆಯ ಮಂಟಪದಲ್ಲಿ. ಅಲ್ಲೂ ಪುರೋಹಿತರು ಎರಡು ಸಲ "ಕೂತ್ಕೊಳ್ಳಿ ಸ್ವಾಮಿ, ನಿಮ್ಮದೇ ಮದುವೆ" ಎಂದು ಗದರಿದ್ದರು. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ ಪ್ರಾಣಿ. ಊಟ ಅಡುಗೆಮನೆಯ ಕಟ್ಟೆಗೆ ಒರಗಿ, ಕಾಫಿ ಹಿತ್ತಿಲಲ್ಲಿ ಅಡ್ಡಾಡುತ್ತಾ, ಆಫೀಸಿನ ಫೋನು ಮನೆಯ ಸುತ್ತ ಪ್ರದಕ್ಷಿಣೆ ಹಾಕುತ್ತಾ. ಪಕ್ಕದ ಮನೆಯ ಇಂಗ್ಲಿಷ್ ಮುದುಕರು ಮೊದಲ ವರ್ಷ ಅವರು ಜಾಗದ ಗಡಿ ಅಳೆಯುತ್ತಿದ್ದಾರೆಂದು ಹೆದರಿ ಬೇಲಿಗೆ ಹೊಸ ಗೂಟ ಹೊಡೆಸಿಕೊಂಡರು!

ಮನೆಯ ಮೆಟ್ಟಿಲ ಕೆಳಗೆ ಒಂದು ಕಪಾಟಿದೆ. ನಾನು ಅದಕ್ಕೆ 'ಹೋಗದ ಊರುಗಳ ಸ್ಮಶಾನ' ಎಂದು ಹೆಸರಿಟ್ಟಿದ್ದೇನೆ. ಹನ್ನೊಂದು ಫೈಲುಗಳು ಬೆನ್ನು ತೋರಿಸಿಕೊಂಡು ಸಾಲಾಗಿ ಮಲಗಿವೆ. ಪ್ರತಿಯೊಂದೂ ಒಂದೇ ಥರ ಹುಟ್ಟಿ ಒಂದೇ ಥರ ಸತ್ತದ್ದು. ಮೊದಲು ಉತ್ಸಾಹ, ಆಮೇಲೆ ನಕಾಶೆ, ಆಮೇಲೆ ನಿಮಿಷ ನಿಮಿಷದ ವೇಳಾಪಟ್ಟಿ, ಕೊನೆಗೆ ಒಂದು ಭಾನುವಾರ ಭಾವ ಕತ್ತು ತುರಿಸಿಕೊಳ್ಳುತ್ತಾ, "ಬೇಡ ಬಿಡಿ, ಹವಾ ಸರಿ ಇರಲ್ಲ" ಎನ್ನುವುದು. ಲಿಸ್ಬನ್‌ಗೆ ಹವಾ ಸರಿ ಇರಲಿಲ್ಲವಂತೆ! ಇಂಗ್ಲೆಂಡಿನಲ್ಲಿ ಕೂತು ಪೋರ್ಚುಗಲ್ಲಿನ ಹವಾಮಾನಕ್ಕೆ ಹೆಸರಿಡುವ ಗಂಡಸು ಈ ಭೂಮಿಯ ಮೇಲೆ ಇವರೊಬ್ಬರೇ ಇರಬೇಕು.

ಇದರಲ್ಲಿ ನನಗೆ ನಗು ಬರುತ್ತಿದ್ದದ್ದು ಅರ್ಧ, ಕೋಪ ಬರುತ್ತಿದ್ದದ್ದು ಅರ್ಧ. ಕೋಪ ಅಕ್ಕನ ಸಲುವಾಗಿ.

ಅಕ್ಕ ಮೈಸೂರಿನಲ್ಲಿ ಹೈಸ್ಕೂಲು ಟೀಚರಾಗಿದ್ದಳು. ಚರಿತ್ರೆಯ ಪಾಠ. ಮಕ್ಕಳನ್ನು ಚಿತ್ರದುರ್ಗದ ಕೋಟೆಗೆ ಕರೆದುಕೊಂಡು ಹೋದರೆ ಬಾಯಲ್ಲಿ ಸೀಟಿ, ಸೊಂಟಕ್ಕೆ ಸೆರಗು, ಮುಂದೆ ಇವಳು, ಹಿಂದೆ ಏದುಸಿರು ಬಿಡುವ ಅರವತ್ತು ಮಕ್ಕಳು. ಅವಳ ಪಾಠದ ಪುಸ್ತಕದಲ್ಲಿ ರೋಮನ್ನರ ಅಧ್ಯಾಯಕ್ಕೆ ಒಂದು ಮಂಕು ಚಿತ್ರವಿತ್ತು. ಜರ್ಮನಿಯ ಟ್ರಿಯರ್ ಎಂಬ ಊರಿನ ಪೋರ್ಟಾ ನೀಗ್ರಾ, ಅಂದರೆ ಕಪ್ಪು ಬಾಗಿಲು. ರೋಮನ್ನರು ಕಟ್ಟಿದ ಊರಬಾಗಿಲು. ಹದಿನೈದು ವರ್ಷ ಆ ಚಿತ್ರ ತೋರಿಸಿ ಪಾಠ ಮಾಡಿದಳು. ಇಂಗ್ಲೆಂಡಿಗೆ ಬಂದಾಗ, "ಇನ್ನೇನು, ಪಕ್ಕದಲ್ಲೇ ಇದೆ" ಎಂದಳು. ಬಂದು ಹದಿನೆಂಟು ವರ್ಷವಾಯಿತು.

ಈ ಹದಿನೆಂಟು ವರ್ಷದಲ್ಲಿ ಬಾಗಿಲು ಅಲ್ಲೇ ಇತ್ತು, ಅಕ್ಕನ ಮಂಡಿ ಮಾತ್ರ ಸವೆಯಿತು. ಜಿಪಿ, ಅಂದರೆ ಇಲ್ಲಿನ ಬಡಾವಣೆಯ ಡಾಕ್ಟರು ನೋಡಿ, ಎಕ್ಸ್‌ರೇ ತೆಗೆಸಿ, ಆಪರೇಷನ್ನಿನ ಕಾಯುವ ಪಟ್ಟಿಗೆ ಹೆಸರು ಬರೆಸಿದ್ದಾರೆ. ಆದರೆ ಅಕ್ಕನನ್ನು ಕೇಳಿ ನೋಡಿ! "ನನಗೇನಾಗಿದೆ? ಕಲ್ಲುಗುಂಡಿನ ಹಾಗಿದ್ದೀನಿ." ಅವಳ ಮಗಳು ಅನಘಾ, ಮ್ಯಾಂಚೆಸ್ಟರ್‌ನ ಫಾಲೋಫೀಲ್ಡ್‌ನಲ್ಲಿ ಗೆಳತಿಯರ ಜೊತೆ ಮನೆ ಮಾಡಿಕೊಂಡು ಓದುತ್ತಿರುವವಳು, ಪಾಪ, ಅಮ್ಮನಿಗೆಂದು ಮಡಚುವ ಊರುಗೋಲು ತಂದುಕೊಟ್ಟಳು. ಅಕ್ಕ ಅದನ್ನು ಬಹಳ ಮೆಚ್ಚಿಕೊಂಡು ಹಿತ್ತಿಲ ಟೊಮೇಟೊ ಗಿಡಕ್ಕೆ ಆಸರೆ ಕೊಟ್ಟಳು. ನಾನೊಮ್ಮೆ ಬಾಯಿ ತಪ್ಪಿ, "ಏರ್‌ಪೋರ್ಟಲ್ಲಿ ವೀಲ್‌ಚೇರ್ ಕೊಡ್ತಾರಂತೆ ಅಕ್ಕಾ" ಎಂದೆ. ಎರಡು ದಿನ ನನ್ನ ಫೋನೇ ಎತ್ತಲಿಲ್ಲ.

ಈ ವರ್ಷ ಅವರ ಮದುವೆಗೆ ಇಪ್ಪತ್ತೈದು ತುಂಬಿತು. ನಾನು ಸೊಲಿಹಲ್ಲಿಗೆ ಹೋಗಿದ್ದ ದಿನ, ಉಡುಗೊರೆ ಏನು ಬೇಕು ಎಂದು ಭಾವ ಕೇಳಿದ್ದಕ್ಕೆ ಅಕ್ಕ ಚಪಾತಿ ಲಟ್ಟಿಸುತ್ತಲೇ ಹೇಳಿದಳು. "ಟ್ರಿಯರ್‌ಗೆ ಹೋಗೋಣ. ಮೂರು ದಿನ ಸಾಕು. ಈ ಸಲ ಅದೂ ಆಗಲಿಲ್ಲ ಅಂದ್ರೆ, ಇನ್ನು ಈ ಮನೇಲಿ ಪ್ರವಾಸ ಅನ್ನೋ ಮಾತು ಬೇಡ. ಆ ಫೈಲುಗಳನ್ನ ರೀಸೈಕ್ಲಿಂಗಿಗೆ ಹಾಕಿ, ಆ ಕಪಾಟಲ್ಲಿ ನಾನು ಅಕ್ಕಿ ಇಟ್ಕೋತೀನಿ."

ಲಟ್ಟಣಿಗೆ ನಿಂತಿರಲಿಲ್ಲ, ದನಿಯೂ ಏರಿರಲಿಲ್ಲ. ಅದಕ್ಕೇ ನಮಗೆಲ್ಲ ಭಯವಾಯಿತು. ಆಮೇಲೆ ಲಟ್ಟಣಿಗೆಯನ್ನು ನನ್ನ ಕಡೆ ತಿರುಗಿಸಿ, "ನೀನೂ ಬರ್ತೀಯ. ನಾವಿಬ್ಬರೇ ಹೋದ್ರೆ ಇವರು ಪ್ಲಾನ್ ಜೊತೆ ಸಂಸಾರ ಮಾಡ್ತಾರೆ, ನಾನು ಗೋಡೆ ನೋಡ್ಕೊಂಡು ಕೂರಬೇಕು" ಎಂದಳು.

ಶುರುವಾಯಿತು ನೋಡಿ ಹನ್ನೆರಡನೆಯ ಫೈಲು!

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ನೀವು ನೋಡಿರಬಹುದು. ನಮ್ಮ ಭಾವ ಕುಲಾವಿ ಹೊಲಿಸಿ, ಒಗೆಸಿ, ಕುಗ್ಗುತ್ತದೆಯೇ ಎಂದು ನೋಡಿ, ಇನ್ನೊಂದು ಹೊಲಿಸುವವರು. ನಾನು ಆಫೀಸಿನ ಮೀಟಿಂಗಿನಲ್ಲಿದ್ದಾಗ ಫೋನು. "ನಿನ್ನ ಒಂದು ಹೆಜ್ಜೆ ಎಷ್ಟು ಉದ್ದ ಅಮ್ಮ?" ಇನ್ನೊಂದು ದಿನ, "ನಿನಗೆ ಹಸಿವು ಎಷ್ಟು ಹೊತ್ತಿಗೊಮ್ಮೆ ಆಗುತ್ತೆ? ಸರಾಸರಿ ಸಾಕು." ನಾನು ರೇಗಿ, "ನಿಮ್ಮ ಫೋನ್ ಬಂದಾಗೆಲ್ಲ ಆಗುತ್ತೆ ಭಾವ" ಎಂದರೆ, ಆ ಕಡೆಯಿಂದ ಪೆನ್ನಿನ ಸದ್ದು! ಬರೆದುಕೊಂಡರು!

ಆಮೇಲೆ ಬಂತು ಗೊಜ್ಜಿನ ಪ್ರಕರಣ. ಕನ್ನಡದವರು ಮೂರು ದಿನ ಹೊರಗೆ ಹೋಗುವುದೆಂದರೆ ಪುಳಿಯೋಗರೆ ಗೊಜ್ಜಿಲ್ಲದೆ ಆಗುತ್ತದೆಯೇ? ಆದರೆ ಕೈಚೀಲದಲ್ಲಿ ದ್ರವ ಒಯ್ಯುವುದಕ್ಕೆ ಲೆಕ್ಕವಿದೆ. ಹಾಗಾದರೆ ಗೊಜ್ಜು ದ್ರವವೋ ಘನವೋ? ಭಾವ ವಿಮಾನ ನಿಲ್ದಾಣಕ್ಕೆ ಪತ್ರ ಬರೆದರು. ಸೋಮವಾರ ಒಂದು, ಬುಧವಾರ ಜ್ಞಾಪನೆ. 'ಅಲ್ಲಿನ ಅಧಿಕಾರಿಯ ವಿವೇಚನೆಗೆ ಬಿಟ್ಟದ್ದು' ಎಂದು ಉತ್ತರ ಬಂತು. ವಿವೇಚನೆ ಎಂಬ ಪದ ಭಾವನಿಗೆ ಅಲರ್ಜಿ. ಬಾಟಲಿಯ ಮುಚ್ಚಳ ತೆಗೆದು, ತಲೆಕೆಳಗು ಮಾಡಿ, ಸ್ಟಾಪ್‌ವಾಚ್ ಒತ್ತಿದರು. ಒಂದು ನಿಮಿಷ, ಎರಡು ನಿಮಿಷ, ಮೂರು. "ನೋಡ್ದ್ಯಾ? ಬೀಳಲ್ಲ! ಇದು ಘನ! ಘನ!" ಎಂದು ನನ್ನ ಕಡೆ ತಿರುಗಿದರು. ಗೊಜ್ಜು ಅದಕ್ಕೇ ಕಾಯುತ್ತಿತ್ತು. ಅಕ್ಕ ಆಗಷ್ಟೇ ಒರೆಸಿದ್ದ ನೆಲಕ್ಕೆ ಇಡಿಯಾಗಿ ಬಿತ್ತು.

ಅಕ್ಕ ನೆಲ ಒರೆಸುವ ಬಟ್ಟೆಯನ್ನು ಅವರ ಕೈಗೆ ಕೊಟ್ಟಳು. ಗೊಜ್ಜು ಪ್ಲಾನಿನಿಂದ ಹೊರಬಿತ್ತು, ಚಟ್ನಿಪುಡಿ ಒಳಬಂತು.

ವೀಸಾ ಮಾಡಿಸಲು ನಾವೆಲ್ಲ ಮ್ಯಾಂಚೆಸ್ಟರ್‌ಗೆ ಹೋಗಬೇಕಾಯಿತು, ಏಕೆಂದರೆ ನಮ್ಮದು ಇನ್ನೂ ಭಾರತದ ಪಾಸ್‌ಪೋರ್ಟು. ಭಾವ ಹದಿಮೂರು ವರ್ಷದಿಂದ ಪಾಸ್‌ಪೋರ್ಟ್ ಬದಲಾಯಿಸುವ ಪ್ಲಾನ್ ಮಾಡುತ್ತಿದ್ದಾರೆ, ಅದು ಬೇರೆ ಫೈಲು. ಕೌಂಟರಿನ ಹುಡುಗಿ ಪ್ರವಾಸದ ವಿವರ ಕೇಳಿದಳು. ಭಾವ ಮೂವತ್ತೆಂಟು ಪುಟದ ಸ್ಪೈರಲ್ ಪುಸ್ತಕವನ್ನು ಗಾಜಿನ ಕೆಳಗಿನ ಸಂದಿಯಿಂದ ತಳ್ಳಲು ಹೋದರು. ಹೋಗಲಿಲ್ಲ. ಸಂದಿ ಚಿಕ್ಕದು.

"ಒಂದು ಹಾಳೆ ಸಾಕಿತ್ತು ಸರ್," ಎಂದಳು ಆಕೆ ಇಂಗ್ಲಿಷಿನಲ್ಲಿ. "ಹೋಗ್ತಿರೋದು ಯಾತಕ್ಕೆ?"

"ಒಂದು ಬಾಗಿಲು ನೋಡೋಕೆ."

ಹುಡುಗಿ ಕಂಪ್ಯೂಟರಿನಿಂದ ಕೈ ತೆಗೆದಳು. "ಬಾಗಿಲು?"

"ನಾನು ಬಾಗಿಲಿನ ಎಂಜಿನಿಯರ್," ಎಂದರು ಭಾವ, ಎದೆ ಉಬ್ಬಿಸಿ. ಮುಗಿಯಿತು ಕಥೆ, ಕೆಲಸಕ್ಕೆ ಹೋಗುತ್ತಿದ್ದಾರೆಂದು ವೀಸಾ ತಿರಸ್ಕರಿಸುತ್ತಾರೆ ಎಂದು ನಾನು ಎದೆ ಹಿಡಿದುಕೊಂಡೆ. ಅಕ್ಕ ಮಾತ್ರ ಪಕ್ಕದಿಂದ ಬಗ್ಗಿ, ಟೀಚರ್ ದನಿಯಲ್ಲಿ, "ನಮ್ಮ ಮದುವೆಗೆ ಇಪ್ಪತ್ತೈದು ವರ್ಷ ಆಯ್ತು ಕಣಮ್ಮ, ಅದಕ್ಕೆ" ಎಂದು ಅದೇ ಅರ್ಥದ ಇಂಗ್ಲಿಷಿನಲ್ಲಿ ಹೇಳಿದಳು. ಹುಡುಗಿ ಇಬ್ಬರನ್ನೂ ನೋಡಿದಳು. "ಇಪ್ಪತ್ತೈದು ವರ್ಷ," ಎಂದು ಅಕ್ಕನ ಕಡೆ ಕರುಣೆಯಿಂದ ತಲೆಯಾಡಿಸಿ ಕಾಗದಗಳನ್ನು ತೆಗೆದುಕೊಂಡಳು.

ವೀಸಾ ಬಂತು. ಇನ್ನಾದರೂ ಸುಮ್ಮನಿರಬೇಕಲ್ಲ? ಹೊರಡುವುದಕ್ಕೆ ಎರಡು ವಾರ ಇರುವಾಗ ಫೋನು. "ಭಾನುವಾರ ಬಾ. ರಿಹರ್ಸಲ್ ಇದೆ."

"ಯಾವ ನಾಟಕ ಭಾವ?"

"ಟ್ರಿಯರ್."

ನಾನು ನಂಬಲಿಲ್ಲ. ಹೋಗಿ ನೋಡಿದರೆ ಸೊಲಿಹಲ್ಲಿನ ಬೀದಿಗಳಲ್ಲಿ ಭಾವ ಟ್ರಿಯರ್ ಊರನ್ನೇ ಹಾಸಿಬಿಟ್ಟಿದ್ದರು! ಅಲ್ಲಿ ಒಂದು ಜಾಗದಿಂದ ಇನ್ನೊಂದಕ್ಕೆ ಎಷ್ಟು ದೂರವೋ ಇಲ್ಲಿ ಅಷ್ಟೇ ದೂರದಲ್ಲಿ ಒಂದೊಂದು ಗುರುತು. ಮನೆಯಾಚೆಯ ಕೆಂಪು ಅಂಚೆ ಡಬ್ಬಿ ಪೋರ್ಟಾ ನೀಗ್ರಾ. ಕ್ಷೌರದ ಅಂಗಡಿ ಮಾರುಕಟ್ಟೆ ಚೌಕ. ಚರ್ಚು ಚರ್ಚೇ, ಅದಕ್ಕೆ ವೇಷ ಬೇಕಾಗಲಿಲ್ಲ. ಈಜುಕೊಳ ರೋಮನ್ ಚಕ್ರವರ್ತಿಗಳ ಸ್ನಾನಗೃಹ. ಪಾರ್ಕಿನಲ್ಲಿ ಬಾತುಕೋಳಿಗಳಿರುವ ದಿಬ್ಬ, ಗ್ಲಾಡಿಯೇಟರುಗಳು ಹೊಡೆದಾಡಿದ ಆಂಫಿಥಿಯೇಟರ್.

"ಬಾಗಿಲನ್ನ ಟೆಸ್ಟ್ ಮಾಡದೆ ಕಾರಿಗೆ ಹಾಕ್ತಾರಾ?" ಎಂದು ಭಾವ ಸ್ಟಾಪ್‌ವಾಚ್ ಒತ್ತಿದರು. ಪ್ರವಾಸಕ್ಕೆ ಬರದಿದ್ದರೂ ರಿಹರ್ಸಲ್ಲಿಗೆಂದು ಮ್ಯಾಂಚೆಸ್ಟರ್‌ನಿಂದ ಬಂದಿದ್ದ ಅನಘಾ ಕೋಟಿನ ಟೋಪಿ ಮೂಗಿನವರೆಗೆ ಎಳೆದುಕೊಂಡು, "ಅಪ್ಪಾ, ಪೀಪಲ್ ನೋ ಮಿ ಹಿಯರ್" ಎಂದು ಗೋಗರೆದಳು. ಎದುರಿಗೆ ನಾಯಿ ಹಿಡಿದುಕೊಂಡು ಬಂದ ಪಕ್ಕದ ಮನೆಯ ಮುದುಕರು ನಮ್ಮ ಮೆರವಣಿಗೆ ನೋಡಿ ನಿಂತರು. ಎಲ್ಲಿಗೆ ಎಂದು ಕೇಳಿದರು. ಜರ್ಮನಿಗೆ ಎಂದರು ಭಾವ. ಮುದುಕರು ಆಕಾಶ ನೋಡಿ, ನಮ್ಮ ಪಾದ ನೋಡಿ, "ನಡ್ಕೊಂಡೇ?" ಎಂದರು.

ಅಂಚೆ ಡಬ್ಬಿಗೆ ಬಂದು ಐದು ನಿಮಿಷ ಅದನ್ನು ತಲೆಯೆತ್ತಿ ನೋಡಿದೆವು, ಪ್ಲಾನಿನಲ್ಲಿ ಹಾಗಿತ್ತು. ಅಲ್ಲಿಂದ ಕ್ಷೌರದ ಅಂಗಡಿ, ಅಲ್ಲಿಂದ ಚರ್ಚು. ಅಕ್ಕ ಮುಂದೆ, ಚಿತ್ರದುರ್ಗದ ಠೀವಿಯಲ್ಲೇ. ಹೈಸ್ಟ್ರೀಟಿನ ನಡುವೆ ಬಂದಾಗ ಇದ್ದಕ್ಕಿದ್ದಂತೆ ಒಂದು ಅಂಗಡಿಯ ಮುಂದೆ ನಿಂತು, ತಲೆ ಓರೆ ಮಾಡಿ, "ಎಷ್ಟು ಚೆನ್ನಾಗಿದೆ ಅಲ್ವಾ?" ಎಂದಳು. ನಾನೂ ನೋಡಿದೆ. ಅಂಗಡಿ ಮುಚ್ಚಿತ್ತು. ಬೂದು ಬಣ್ಣದ ಕಬ್ಬಿಣದ ಶಟರು, ಅದರ ಮೇಲೆ ಯಾರೋ ಗೀಚಿದ ಬಣ್ಣ. ಅಕ್ಕ ಶಟರನ್ನು ಮೆಚ್ಚುತ್ತಿದ್ದಳು! ಒಂದು ಕೈ ಗೋಡೆಯ ಮೇಲೆ, ಮೈಯ ಭಾರವೆಲ್ಲ ಎಡಗಾಲಿನ ಮೇಲೆ.

ಆಗ ಭಾವ ಏನು ಮಾಡಬೇಕು? "ಅಯ್ಯೋ, ಲೇಸು" ಎಂದರು.

ಭಾವನ ಬೂಟಿನ ಲೇಸು ನಮ್ಮ ಮನೆತನದ ಹಳೇ ತಮಾಷೆ. ಅವರ ಜೊತೆ ಎಲ್ಲಿಗೆ ನಡೆದು ಹೋದರೂ ಅದು ಬಿಚ್ಚಿಕೊಳ್ಳುತ್ತದೆ. ಬಿಚ್ಚಿಕೊಂಡರೆ ಎರಡು ಗಂಟು ಹಾಕಿ ಎದ್ದರೆ ಆಯಿತೇ? ಇಲ್ಲ! ಬೆಂಚು ಹುಡುಕಬೇಕು, ಕೂರಬೇಕು, ಪೂರ್ತಿ ಎಳೆದು, ತೂತಿನಿಂದ ತೂತಿಗೆ ಮೊದಲಿಂದ ಪೋಣಿಸಬೇಕು. ಐದು ನಿಮಿಷ. ಸುತ್ತ ನಾವೆಲ್ಲ ಕೂತು ಕಾಯಬೇಕು. "ಅಪ್ಪಾ, ಯು ಆರ್ ಆನ್ ಎಂಜಿನಿಯರ್!" ಎಂದು ಅನಘಾ ಹೋದ ವರ್ಷ ಹುಟ್ಟುಹಬ್ಬಕ್ಕೆ ಲೇಸಿಲ್ಲದ, ಪಟ್ಟಿ ಅಂಟಿಸುವ ಬೂಟು ತಂದುಕೊಟ್ಟಿದ್ದಳು. ಒಂದು ದಿನವೂ ಹಾಕದೆ ಚಾರಿಟಿ ಅಂಗಡಿಗೆ ಕೊಟ್ಟುಬಂದರು. ಆ ದಿನ ರಿಹರ್ಸಲ್ಲಿನಲ್ಲಿ ಅವರ ಲೇಸು ಎರಡು ಸಲ ಬಿಚ್ಚಿತು, ನಕಾಶೆ ಒಮ್ಮೆ ತಲೆಕೆಳಗಾಯಿತು, ದಿಬ್ಬದ ಬುಡದಲ್ಲಿ "ಗ್ಲಾಡಿಯೇಟರ್‌ಗಳನ್ನ ನೆನೆಸಿಕೊಂಡ್ರೇ ತಲೆ ಸುತ್ತುತ್ತೆ" ಎಂದು ಬಾತುಕೋಳಿಗಳ ಮುಂದೆ ಕೂತುಬಿಟ್ಟರು.

ಮನೆಗೆ ಬಂದ ಮೇಲೆ ನನಗೆ ತಡೆಯಲಾಗಲಿಲ್ಲ. ಅಕ್ಕ ಮಹಡಿಗೆ ಹೋದದ್ದೇ ತಡ, ಅಡುಗೆಮನೆಯಲ್ಲಿ ಭಾವನನ್ನು ಹಿಡಿದು ನಿಲ್ಲಿಸಿದೆ. ನಿಲ್ಲಿಸಿದೆ ಎನ್ನುವುದು ಮಾತಿಗೆ, ಅವರು ಚಮಚ ಅಲ್ಲಾಡಿಸಿಕೊಂಡು ಒಲೆಯಿಂದ ಫ್ರಿಜ್ಜಿಗೆ, ಫ್ರಿಜ್ಜಿನಿಂದ ಒಲೆಗೆ ಓಡಾಡುತ್ತಿದ್ದರು.

"ಭಾವ, ನಿಮಗೆ ಕಣ್ಣಿದೆಯಾ? ಅಕ್ಕ ಮುಚ್ಚಿದ ಅಂಗಡಿ ಮುಂದೆ ಯಾಕೆ ನಿಂತ್ಲು ಗೊತ್ತಾ? ಅವಳ ಮಂಡಿ ಸಾಯ್ತಾ ಇದೆ. ನೀವು ನಿಮ್ಮ ಲೇಸು, ನಿಮ್ಮ ಮ್ಯಾಪು, ನಿಮ್ಮ ಸ್ಟಾಪ್‌ವಾಚು! ಇಪ್ಪತ್ತೈದು ವರ್ಷ ಸಂಸಾರ ಮಾಡಿದ್ದೀರಲ್ಲ, ಒಂದು ದಿನನಾದ್ರೂ ಅವಳನ್ನ ತಿರುಗಿ ನೋಡಿದ್ದೀರಾ?"

ಇಷ್ಟು ಅಂದಮೇಲೆ ಜಾಸ್ತಿಯಾಯಿತು ಎನಿಸಿತು. ಆದರೆ ಬಾಯಿಂದ ಹೋದ ಮಾತು. ಭಾವ ಚಮಚವನ್ನು ಸಿಂಕಿನಲ್ಲಿಟ್ಟರು.

"ಹೌದಮ್ಮ," ಎಂದರು. "ನನಗೆ ಅದೆಲ್ಲ ಗೊತ್ತಾಗಲ್ಲ." ಮತ್ತೆ ಹಿತ್ತಿಲಿಗೆ ಹೋಗಿ ಮನೆ ಸುತ್ತ ತಿರುಗತೊಡಗಿದರು.

ಅದಾದ ಮೇಲೆ ಹೊರಡುವವರೆಗೂ ನನಗೆ ಒಂದೇ ಯೋಚನೆ, ಈ ಸಲವೂ ಒಂದು ಭಾನುವಾರ ಫೋನು ಬಂದು "ಹವಾ ಸರಿ ಇರಲ್ಲ" ಎನ್ನುತ್ತಾರೆಂದು. ಅಕ್ಕನಿಗೂ ಅದೇ ಇರಬೇಕು. ಬ್ಯಾಗಿಗೆ ಬಟ್ಟೆ ತುಂಬದೆ ಪಕ್ಕದಲ್ಲಿ ಮಡಚಿಟ್ಟುಕೊಂಡಿದ್ದಳು. ಹೊರಡುವ ದಿನ ಬೆಳಿಗ್ಗೆ ಭಾವ ಕಾರಿನ ಡಿಕ್ಕಿ ತೆಗೆದು "ಬ್ಯಾಗ್ ಕೊಡು" ಎಂದಾಗಲೇ ತುಂಬಿದ್ದು.

ಏರ್‌ಪೋರ್ಟಿನಲ್ಲಿ ಇನ್ನೊಂದು ಅವತಾರ. ಬೀಪ್ ಬೀಪ್ ಎನ್ನುತ್ತಾ ಒಂದು ಬ್ಯಾಟರಿ ಗಾಡಿ ನಮ್ಮ ಮುಂದೆ ಬಂದು ನಿಂತಿತು, ಅದರವನು ಭಾವನ ಹೆಸರು ಕೂಗಿದ! ನಡೆಯಲಾರದವರಿಗೆ ಇರುವ ಗಾಡಿ. ಬೆಳಿಗ್ಗೆ ತಾನೇ ಹನ್ನೆರಡು ಸೂರ್ಯ ನಮಸ್ಕಾರ ಮಾಡಿದ್ದ ಮನುಷ್ಯ ಸೊಂಟ ಹಿಡಿದುಕೊಂಡು, "ಯಾಕೋ ಹಿಡ್ಕೊಂಡುಬಿಟ್ಟಿದೆ" ಎಂದು ನರಳುತ್ತಾ ಹತ್ತಿದರು. "ಒಬ್ಬನೇ ಹೋದ್ರೆ ಬಿದ್ದುಹೋಗ್ತೀನಿ, ಬಾರೇ." ಅಕ್ಕ, "ನೋಡೇ ನಿನ್ನ ಭಾವನ ವೇಷ, ಮುದುಕರಾಗಿಬಿಟ್ರು" ಎಂದು ನಗುತ್ತಾ ಪಕ್ಕದಲ್ಲಿ ಕೂತಳು. ಗಾಡಿ ಗೇಟಿನವರೆಗೂ ಹೋಯಿತು. ನಾನು ಮೂರು ಬ್ಯಾಗು ಎಳೆದುಕೊಂಡು ಹಿಂದೆ ಓಡಿದೆ. ಎಂಥ ಸ್ವಾರ್ಥಿ ಎಂದು ಶಪಿಸಿಕೊಂಡೇ ಓಡಿದೆ, ಸುಳ್ಳೇಕೆ ಹೇಳಲಿ?

ಫ್ರಾಂಕ್‌ಫರ್ಟಿನಲ್ಲಿ ಇಳಿದು ರೈಲು. ಕೊಬ್ಲೆನ್ಸ್ ಎಂಬಲ್ಲಿ ಇನ್ನೊಂದು ರೈಲಿಗೆ ಬದಲಾಯಿಸಬೇಕು. ಜರ್ಮನಿಯ ರೈಲುಗಳ ಶಿಸ್ತಿನ ಮೇಲೆ ಭಾವನಿಗೆ ದೇವರ ಮೇಲಿರುವುದಕ್ಕಿಂತ ಹೆಚ್ಚು ನಂಬಿಕೆ. ಬದಲಾಯಿಸಲು ಒಂಬತ್ತು ನಿಮಿಷ ಇಟ್ಟಿದ್ದರು. ಕೊಬ್ಲೆನ್ಸಿನ ಬೋರ್ಡಿನಲ್ಲಿ ನಮ್ಮ ಮುಂದಿನ ರೈಲು ಐವತ್ತು ನಿಮಿಷ ತಡ ಎಂದು ಬಂತು. ಮೂವತ್ತೆಂಟು ಪುಟದ ಪ್ಲಾನು ಒಂದೇ ಸಾಲಿಗೆ ಕುಸಿದುಬಿತ್ತು! ಭಾವ ಕೈಲಿದ್ದ ಸ್ಪೈರಲ್ ಪುಸ್ತಕವನ್ನು ನನ್ನ ತೊಡೆ ಮೇಲೆ ಹಾಕಿ, ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ಹೊರಟರು. ಪಕ್ಕದ ಬೆಂಚಿನಲ್ಲಿ ಅಕ್ಕ ಕಣ್ಣು ಮುಚ್ಚಿ ಕೂತಿದ್ದಳು.

ಬೇಜಾರಿಗೆ ಪುಸ್ತಕ ತೆಗೆದೆ. ಅಕ್ಕನಿಗೂ ನನಗೂ ಒಂದೊಂದು ಪ್ರತಿ ಕೊಟ್ಟಿದ್ದರು, ನನ್ನದನ್ನು ನಾನು ತೆರೆದೂ ನೋಡಿರಲಿಲ್ಲ ಬಿಡಿ. ಇದು ಅವರ ಸ್ವಂತ ಪ್ರತಿ. ಜಾಗ, ಹೊತ್ತು, ದೂರ, ಬೆಂಚು ಎಂದು ಕಾಲಂಗಳು. ಬೆಂಚಿಗೂ ಒಂದು ಕಾಲಂ! ಕೂರದ ಮನುಷ್ಯನಿಗೆ ಬೆಂಚಿನ ಪಟ್ಟಿ ಯಾತಕ್ಕೆ ಎಂದು ನಗು ಬಂತು. ಅದರ ಪಕ್ಕ ಪೆನ್ಸಿಲಿನಲ್ಲಿ ಗೆರೆ ಎಳೆದು ಇನ್ನೊಂದು ಕಾಲಂ, ಕೈಬರಹದಲ್ಲಿ. ತಲೆಬರಹ 'ನೆಪ'.

ಹೋಟೆಲಿನಿಂದ ಬಾಗಿಲಿಗೆ: ಬೆಂಚು ಇದೆ. ನೆಪ: ಲೇಸು.

ಚೌಕದಿಂದ ದೊಡ್ಡ ಚರ್ಚಿಗೆ: ಬೆಂಚು ಒಳಗೆ. ನೆಪ: ಬೇಡ, ಅವಳೇ ಅಂಗಡಿ ನೋಡುತ್ತಾಳೆ.

ಸ್ನಾನಗೃಹದ ಸುರಂಗ: ಮೆಟ್ಟಿಲು ಬಹಳ. ನೆಪ: ನನಗೆ ಉಸಿರು ಕಟ್ಟುತ್ತದೆ, ಹೊರಗೆ ಕೂರುತ್ತೇನೆ, ಅವಳು ಜೊತೆಗಿರಬೇಕು. ನಾದಿನಿ ಬೇಕಾದರೆ ಇಳಿದು ನೋಡಿಬರಲಿ.

ಆಂಫಿಥಿಯೇಟರ್: ಏರುದಾರಿ. ಟ್ಯಾಕ್ಸಿ. ನೆಪ: ಮ್ಯಾಪು ತಪ್ಪು ಓದಿ ದಾರಿ ತಪ್ಪಿಸುವುದು. ಇಬ್ಬರಿಂದಲೂ ಬೈಸಿಕೊಳ್ಳುವುದು.

ಪುಟದ ಕೆಳಗೆ ಇನ್ನೂ ಚಿಕ್ಕ ಅಕ್ಷರದಲ್ಲಿ: 'ರಿಹರ್ಸಲ್ ಪ್ರಕಾರ ಹದಿನಾಲ್ಕು ನಿಮಿಷಕ್ಕೆ ನೋವು ಶುರು. ಹನ್ನೆರಡಕ್ಕೇ ನಿಲ್ಲಿಸಬೇಕು. ಅವಳು ನೆಪ ಹುಡುಕುವುದಕ್ಕೆ ಮುಂಚೆ ನನ್ನದು ಸಿದ್ಧವಿರಬೇಕು.'

ನಾನು ಆ ಪುಟವನ್ನು ಎಷ್ಟು ಸಲ ಓದಿದೆನೋ. ಅಕ್ಷರಗಳು ಕಲಸಿಹೋದವು. ಅಡುಗೆಮನೆಯಲ್ಲಿ ನಾನು ಆಡಿದ ಮಾತುಗಳೆಲ್ಲ ಒಂದೊಂದಾಗಿ ವಾಪಸ್ ಬಂದು ನನ್ನ ಕೆನ್ನೆಗೇ ಬಾರಿಸಿದವು. ಇಪ್ಪತ್ತೈದು ವರ್ಷದಲ್ಲಿ ತಿರುಗಿ ನೋಡಿದ್ದೀರಾ ಎಂದು ಕೇಳಿದ್ದೆನಲ್ಲ, ನಾನು! ನಾಚಿಕೆಯಿಂದ ಕಣ್ಣು ತುಂಬಿ, ಮೂಗು ಒರೆಸಿಕೊಳ್ಳಲು ಕರವಸ್ತ್ರವಿಲ್ಲದೆ ಶಾಲಿನ ತುದಿಯಿಂದಲೇ ಒರೆಸಿಕೊಂಡೆ.

ಆರನೆಯ ಸುತ್ತಿಗೆ ಭಾವ ಬಂದರು. ಪುಸ್ತಕ ನೋಡಿದರು. ಅವರ ಮುಖ ಬಿಳಿಚಿತು.

"ಓದಿದ್ಯಾ?"

"ಇಲ್ಲ ಭಾವ," ಎಂದೆ. ಆಮೇಲೆ ಬೇಕೆಂದೇ ಕೇಳಿದೆ. "ಲಿಸ್ಬನ್‌ಗೆ ಯಾಕೆ ಹೋಗಲಿಲ್ಲ ನಾವು?"

"ಎಲ್ಲಾ ಕಡೆ ಏರು ಕಣಮ್ಮ," ಎಂದವರು ನಾಲಿಗೆ ಕಚ್ಚಿಕೊಂಡು, ಅಕ್ಕನ ಮುಚ್ಚಿದ ಕಣ್ಣು ನೋಡಿ, "ಅಂದ್ರೆ, ಹವಾ ಸರಿ ಇರಲಿಲ್ಲ" ಎಂದರು.

ಮರುದಿನ ಬೆಳಿಗ್ಗೆ ಕಪ್ಪು ಬಾಗಿಲಿಗೆ ಹೋದೆವು. ಹೋಟೆಲಿನಿಂದ ಆರೇಳು ನಿಮಿಷ. ತಿರುವು ಕಳೆದದ್ದೇ ಎದುರಿಗೆ ನಿಂತಿತ್ತು, ಮಸಿ ಹಿಡಿದ ಹಂಡೆಯಷ್ಟು ಕಪ್ಪಗೆ, ಮೂರು ಮಹಡಿ ಎತ್ತರ. ಅಕ್ಕ ಅದನ್ನು ತಲೆಯೆತ್ತಿ ನೋಡಿದಳು. ಬ್ಯಾಗನ್ನು ನನ್ನ ಕೈಗೆ ಕೊಟ್ಟು, ಸೆರಗಿಲ್ಲದ ಕೋಟಿನ ತುದಿಯನ್ನೇ ಸೊಂಟಕ್ಕೆ ಸಿಕ್ಕಿಸಿಕೊಳ್ಳಲು ಹೋದಳು. ಹಳೇ ಅಭ್ಯಾಸ. ಆಮೇಲೆ ಪಾಠ ಶುರುವಾಯಿತು, ಕೇಳುವುದಕ್ಕೆ ನಾವಿಬ್ಬರೇ ಮಕ್ಕಳು.

"ರೋಮನ್ನರ ಮಿಕ್ಕ ಬಾಗಿಲೆಲ್ಲ ಕಲ್ಲಿಗೋಸ್ಕರ ಕಿತ್ತು ಹಾಕಿದ್ರು ಜನ. ಇದೊಂದು ಯಾಕೆ ಉಳೀತು ಹೇಳಿ ನೋಡೋಣ? ಒಬ್ಬ ಸನ್ಯಾಸಿ ಬಂದು ಇದರೊಳಗೆ ಕೂತುಬಿಟ್ಟ. ಸುತ್ತ ಗೋಡೆ ಕಟ್ಟಿಸ್ಕೊಂಡು, ಸಾಯೋವರೆಗೂ ಏಳಲಿಲ್ಲ. ಆಮೇಲೆ ಅವನ ಹೆಸರಲ್ಲಿ ಇದನ್ನೇ ಚರ್ಚು ಮಾಡಿದ್ರು. ಅವನು ಕೂತಿದ್ದಕ್ಕೆ ಬಾಗಿಲು ಉಳೀತು."

"ನನ್ನ ಕೈಲಿ ಆಗಲ್ಲಪ್ಪ," ಎಂದರು ಭಾವ. ಎಂದವರು ಅಲ್ಲಿ ನಿಂತರೇ? ಇಲ್ಲ. ಕಲ್ಲುಗಳನ್ನು ಗಾರೆಯೇ ಇಲ್ಲದೆ ಕಬ್ಬಿಣದ ಕೊಂಡಿ ಹಾಕಿ ನಿಲ್ಲಿಸಿದ್ದಾರಂತೆ! ಕೊಂಡಿ ಕಿತ್ತ ತೂತುಗಳಲ್ಲಿ ಬೆರಳಿಟ್ಟು ನೋಡಿದರು. ಬಾಗಿಲು ಜಾರುತ್ತಿದ್ದ ಕಲ್ಲಿನ ತೋಡನ್ನು ಕಂಡದ್ದೇ ಬಾಯಿ ತೆರೆದರು. "ಮೇಲಿಂದ ಕೆಳಕ್ಕೆ ಬಿಡ್ತಿದ್ರು! ನೋಡಿಲ್ಲಿ, ಸವೆದಿದೆ! ಎಷ್ಟು ಸಾವಿರ ಸಲ ಹಾಕಿ ತೆಗೆದಿದ್ದಾರೋ!" ಜೀವಮಾನದಲ್ಲಿ ಮೊದಲ ಸಲ ನಮ್ಮ ಭಾವ ಗಡಿಯಾರ ಮರೆತರು. ಸ್ಟಾಪ್‌ವಾಚು ಕೊರಳಲ್ಲಿ ಸುಮ್ಮನೆ ನೇತಾಡುತ್ತಿತ್ತು.

ನಾನು ಮರೆಯಲಿಲ್ಲ. ಹೋಟೆಲು ಬಿಟ್ಟು ಹನ್ನೆರಡು ನಿಮಿಷ ಆಯಿತು. ಹದಿನಾಲ್ಕಾಯಿತು. ಹದಿನೆಂಟು. ಅಕ್ಕನ ಮಾತು ಮೆಲ್ಲಗೆ ನಿಂತಿತು. ಒಂದು ಕೈ ಕಂಬಿಯ ಮೇಲೆ ಹೋಯಿತು. ಮೈಯ ಭಾರ ಎಡಗಾಲಿಗೆ ಜಾರಿತು. ಸುತ್ತ ನೋಡಿದಳು, ಮೆಚ್ಚಿಕೊಳ್ಳಲು ಒಂದು ಮುಚ್ಚಿದ ಅಂಗಡಿಯೂ ಇರಲಿಲ್ಲ. ನಾನು ಯಾವುದಾದರೂ ನೆಪ ಹುಡುಕಲು ತಲೆ ಕೆರೆದುಕೊಂಡೆ. ನನ್ನ ಬೂಟಿಗೋ ಲೇಸೇ ಇಲ್ಲ. ಭಾವನನ್ನು ಕೂಗಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅಕ್ಕನೇ ಕೂಗಿದಳು.

"ರೀ."

ಭಾವ ತೂತಿನಿಂದ ಬೆರಳು ತೆಗೆದು ತಿರುಗಿದರು.

"ನಿಮ್ಮ ಲೇಸ್ ಬಿಚ್ಚಿದೆ ನೋಡಿ."

ನಾನು ಅವರ ಬೂಟು ನೋಡಿದೆ. ಎರಡೂ ಕಾಲಿನ ಲೇಸು ಎರಡೆರಡು ಗಂಟು ಬಿದ್ದು ಭದ್ರವಾಗಿ ಕೂತಿದ್ದವು. ಭಾವನೂ ನೋಡಿಕೊಂಡರು. ಆಮೇಲೆ ಅಕ್ಕನನ್ನು ನೋಡಿದರು, ಅಕ್ಕ ಅವರನ್ನು ನೋಡಿದಳು. ಎಷ್ಟು ವರ್ಷದಿಂದ ಗೊತ್ತಿತ್ತೋ ಅವಳಿಗೆ!

"ಹೌದಲ್ಲ," ಎಂದರು ಭಾವ. ಬಂದು ಬೆಂಚಿನ ಮೇಲೆ ಕೂತರು. ಅಕ್ಕ ಪಕ್ಕದಲ್ಲಿ ಕೂತು ಬಲಗಾಲನ್ನು ಮೆಲ್ಲಗೆ ಮುಂದಕ್ಕೆ ಚಾಚಿದಳು. ಭಾವ ಬಗ್ಗಿ, ಬಿಗಿಯಾಗಿದ್ದ ಗಂಟನ್ನು ಉಗುರಿನಿಂದ ಬಿಚ್ಚತೊಡಗಿದರು.

"ನಿಧಾನ ಕಟ್ಕೊಳ್ಳಿ," ಎಂದಳು ಅಕ್ಕ. "ನಮಗೇನು ಅವಸರ?"